ಅದೇ ಬಾಟಲಿ, ಅದೇ ವೈನ್, ಆ ರುಚಿ ಮಾತ್ರ ಇಲ್ಲ

ವೈನ್, ಸೆಂಟ್, ಪ್ರವಾಸ, ಪ್ರೀತಿ. ಈ ಸಲ ಬಂದ ಪ್ರಶ್ನೆಗಳೆಲ್ಲ ಇವುಗಳ ಸುತ್ತಲೇ ಇವೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದೀರಿ, ಹಾಕಿಲ್ಲ.

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ಪ್ರವಾಸ ಹೋಗಿದ್ದಾಗ ಕಡಲ ದಂಡೆಯಲ್ಲಿ ಕೂತು ಇಬ್ಬರೂ ಒಂದು ಬಿಳಿ ವೈನ್ ಕುಡಿದಿದ್ದೆವು. ಅಂಥ ರುಚಿ ಮತ್ತೆ ಸಿಗಲೇ ಇಲ್ಲ. ಅದೇ ಹೆಸರಿನ, ಅದೇ ವರ್ಷದ ಬಾಟಲಿ ಹುಡುಕಿ ತಂದು ಮನೆಯಲ್ಲಿ ತೆರೆದರೆ ಬರೀ ಸಪ್ಪೆ. ನಾವು ಮೋಸ ಹೋದೆವಾ?

ಉತ್ತರ: ಮೋಸ ಏನೂ ಇಲ್ಲ. ಅವತ್ತು ನೀವು ಕುಡಿದದ್ದು ಬರೀ ವೈನ್ ಅಲ್ಲ, ಅಷ್ಟೇ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೇಟೊಗಳಲ್ಲಿ ಸಿಗುವಂಥದ್ದು) ಎಂಬ ಐದು ರುಚಿಗಳು. ಉಳಿದದ್ದು ಹೆಚ್ಚಾಗಿ ಮೂಗಿನ ಕೆಲಸ. ಗುಟುಕು ನುಂಗುವಾಗ ಗಂಟಲ ಹಿಂದಿನಿಂದ ಘಮ ಮೂಗಿಗೆ ಏರುತ್ತದಲ್ಲ, ಅದನ್ನೇ ನಾವು ರುಚಿ ಅಂತೀವಿ. ಅದಕ್ಕೆ ಕಣ್ಣೂ ಸೇರಿಕೊಳ್ಳುತ್ತದೆ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ಅವರು ಅದನ್ನು ಮೂಸಿ, ಕೆಂಪು ವೈನ್‌ಗೆ ಹೇಳುವ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ದಿನವೂ ಅದನ್ನೇ ಕಲಿಯುವವರ ಮೂಗು ಬರೀ ಬಣ್ಣಕ್ಕೆ ಹೀಗೆ ಸೋಲುವಾಗ, ಉಪ್ಪುಗಾಳಿ, ಇಳಿಬಿಸಿಲು, ಪಕ್ಕದಲ್ಲಿ ಹೊಸ ಸಂಗಾತಿ, ನಾಳೆ ಎದ್ದು ಕೆಲಸಕ್ಕೆ ಹೋಗಬೇಕಿಲ್ಲ ಅನ್ನುವ ನಿರಾಳ, ಇಷ್ಟೆಲ್ಲ ಸೇರಿದಾಗ ನಿಮ್ಮ ಮೂಗಿಗೆ ಏನಾಗಿರಬೇಡ!

ಒಂದು ಸಣ್ಣ ವಿಷಯ ಮಾತ್ರ ನೋಡಿಕೊಳ್ಳಿ. ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿದಿರಾ? ಜಾಸ್ತಿ ತಣ್ಣಗಿದ್ದರೆ ವೈನಿನ ಘಮ ಏಳುವುದಿಲ್ಲ. ಬಿಳಿ ವೈನ್‌ಗೆ 8ರಿಂದ 12 ಡಿಗ್ರಿ ಸಾಕು, ಹದಿನೈದು ನಿಮಿಷ ಮೊದಲೇ ಹೊರಗಿಡಿ. ಆದರೂ ಆ ಸಂಜೆ ಬಾಟಲಿಯಿಂದ ಎದ್ದು ಬರುವುದಿಲ್ಲ, ಅದನ್ನು ಹುಡುಕುವುದೂ ಬೇಡ. ಇಬ್ಬರೂ ಯಾವತ್ತೂ ಕುಡಿಯದ ಬೇರೆ ವೈನ್ ತನ್ನಿ. ಹಳೆಯದರ ಜೊತೆ ಹೋಲಿಸುತ್ತಾ ಕೂತರೆ ಎದುರಿಗೆ ಇರುವ ಗ್ಲಾಸೂ ಕೈತಪ್ಪುತ್ತದೆ, ಎದುರಿಗೆ ಇರುವವರೂ.

ಪ್ರಶ್ನೆ: ಮುಂದಿನ ತಿಂಗಳು ನಾವಿಬ್ಬರೇ ಮೊದಲ ಪ್ರವಾಸ ಹೊರಟಿದ್ದೇವೆ. ಅವಳಿಗೆ ಹೇಳದೆ ಒಂದು ಒಳ್ಳೆಯ ಸೆಂಟ್ ತಂದುಕೊಡುವ ಆಸೆ. ಯಾವುದು ತರಲಿ?

ಉತ್ತರ: ಹೇಳದೆ ತರಬೇಡಿ. ಅವಳನ್ನೇ ಕರೆದುಕೊಂಡು ಹೋಗಿ. ಅಂಗಡಿಯಲ್ಲಿ ಮೊದಲು ಮೂಗಿಗೆ ಬಡಿಯುವುದು ನಿಂಬೆ, ಕಿತ್ತಳೆಯಂಥ ಹಗುರ ಘಮ, ಅದು ಬೇಗ ಹಾರಿಹೋಗುತ್ತದೆ. ಆಮೇಲೆ ಹೂವು, ಮಸಾಲೆ ಬರುತ್ತವೆ. ಕೊನೆಗೆ ಉಳಿಯುವುದು ಗಂಧ, ವೆನಿಲ್ಲಾ, ಕಸ್ತೂರಿಯ ಥರದ ಭಾರದ ವಾಸನೆ. ಸಂಜೆ ನೀವು ಹತ್ತಿರ ಕೂತಾಗ ನಿಮಗೆ ಸಿಗುವುದು ಅದೇ ಕೊನೆಯದು, ಅಲ್ವಾ? ಹಾಗಾಗಿ ಕಾಗದದ ಪಟ್ಟಿ ಮೂಸಿ ನಿರ್ಧಾರ ಮಾಡಬೇಡಿ. ಅವಳ ಮಣಿಕಟ್ಟಿಗೆ ಹಾಕಿಸಿ, ಎರಡು ಮೂರು ಗಂಟೆ ಸುಮ್ನೆ ತಿರುಗಾಡಿ, ಆಮೇಲೆ ಮೂಸಿ. ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ಮೂಗು ಸುಸ್ತಾಗುತ್ತದೆ.

ಆರಿಸಿದ್ದನ್ನು ಪ್ರವಾಸದ ಮೊದಲ ದಿನವೇ ತೆರೆಯಿರಿ. ಅಲ್ಲಿಯವರೆಗೆ ಮುಟ್ಟಬೇಡಿ. ಕಂಡದ್ದು, ಕೇಳಿದ್ದು ಮೆದುಳಿನಲ್ಲಿ ಥಾಲಮಸ್ ಎಂಬ ನಿಲ್ದಾಣ ದಾಟಿ ಮುಂದೆ ಹೋಗುತ್ತದೆ. ವಾಸನೆಗೆ ಆ ನಿಲ್ದಾಣ ಕಾಯುವ ಅಗತ್ಯವಿಲ್ಲ. ಭಾವನೆ ಮತ್ತು ನೆನಪಿನ ಜಾಗಗಳಿಗೆ ಅದರ ದಾರಿ ತುಂಬಾ ಹತ್ತಿರ. ಬೇರೆ ನೆನಪು ಅಂಟದ ಹೊಸ ಘಮವಾದರೆ ಆ ಊರು, ಆ ದಿನಗಳು ಅದಕ್ಕೇ ಅಂಟಿಕೊಳ್ಳುತ್ತವೆ. ವಾಪಸ್ ಬಂದ ಮೇಲೆ ದಿನಾ ಹಾಕಿ ಸವೆಸಬೇಡಿ. ಮತ್ತೆ, ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವುದಾದರೆ 100 ಮಿಲಿ ಮೀರದ ಶೀಶೆ ಇರಲಿ.

ಎಲ್ಲಿಗೆ ಹೊರಟಿದ್ದೀರಿ ಅಂತ ನೀವು ಬರೆದಿಲ್ಲ. ದಕ್ಷಿಣ ಫ್ರಾನ್ಸಿನ ಕಡೆ ಹೋದರೆ ಗ್ರಾಸ್ ಪಟ್ಟಣ ಬಿಡಬೇಡಿ. ಮೇ ತಿಂಗಳಲ್ಲಿ ಅಲ್ಲಿ ಗುಲಾಬಿ ಕೊಯ್ಲು, ಆಗಸ್ಟ್‌ನಿಂದ ಮಲ್ಲಿಗೆ. ಅಲ್ಲಿನ ಸುಗಂಧದ ಕುಶಲತೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 1921ರ ಹೆಸರಾಂತ ಸೆಂಟ್ ಶನೆಲ್ ನಂಬರ್ 5ಕ್ಕೆ ಹೋದದ್ದೂ ಗ್ರಾಸ್‌ನ ಮಲ್ಲಿಗೆಯೇ.

ಪ್ರಶ್ನೆ: ಫೆರೊಮೋನ್ ಸೆಂಟ್ ಹಾಕಿಕೊಂಡರೆ ಎದುರಿನವರು ಮರುಳಾಗುತ್ತಾರಂತೆ. ನಿಜವಾ?

ಉತ್ತರ: ಇಲ್ಲ. ಫೆರೊಮೋನ್ ಅಂದರೆ ಒಂದು ಪ್ರಾಣಿಯ ಮೈಯಿಂದ ಹೊರಟು ಅದೇ ಜಾತಿಯ ಇನ್ನೊಂದನ್ನು ಸೆಳೆಯುವಂಥ ವಸ್ತು. ಮನುಷ್ಯರಲ್ಲಿ ಅಂಥ ಒಂದು ವಸ್ತು ಇದೆ ಅಂತ ಇವತ್ತಿನವರೆಗೂ ಸಾಬೀತಾಗಿಲ್ಲ. ದುಡ್ಡು ಉಳಿಸಿ. ಆದರೆ ಪ್ರೀತಿಸುವವರ ಮೈವಾಸನೆಗೆ ಶಕ್ತಿ ಇರುವುದು ನಿಜ. ಕೆನಡಾದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಂಡಸರು ಸೆಂಟ್ ಹಾಕದೆ ಇಡೀ ದಿನ ತೊಟ್ಟ ಅಂಗಿಗಳನ್ನು ಹೆಂಗಸರಿಗೆ ಮೂಸಲು ಕೊಟ್ಟರು. ಸಂಗಾತಿಯ ಅಂಗಿ ಮೂಸಿದವರಿಗೆ ಒತ್ತಡ ಕಡಿಮೆ ಅನಿಸಿತು. ಗುರುತಿಲ್ಲದವರ ಅಂಗಿ ಮೂಸಿದವರಲ್ಲಿ ಒತ್ತಡದ ಹಾರ್ಮೋನ್ ಏರಿತ್ತು. ದೂರದ ಊರಿನಲ್ಲಿ ಇರುವ ಜೋಡಿಗಳೇ, ಒಗೆಯದ ಒಂದು ಅಂಗಿ ಕೇಳಿ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಪ್ರಶ್ನೆ: ನನ್ನವರಿಗೆ ಶಿರಾಜ್ ಎಂಬ ಕೆಂಪು ವೈನ್‌ನಲ್ಲಿ ಕಾಳುಮೆಣಸಿನ ಘಮ ಬರುತ್ತದಂತೆ. ನನಗೆ ಏನೂ ಬರುವುದಿಲ್ಲ. ನಿನಗೆ ಮೂಗೇ ಇಲ್ಲ ಅಂತ ನಗುತ್ತಾರೆ.

ಉತ್ತರ: ನಿಮ್ಮ ಮೂಗು ಚೆನ್ನಾಗಿಯೇ ಇದೆ. ಆ ಘಮ ರೊಟಂಡೋನ್ ಎಂಬ ವಸ್ತುವಿನದು, ಕಾಳುಮೆಣಸಿನಲ್ಲೂ ಇರುವುದು ಅದೇ. ಅದನ್ನು ಗುರುತಿಸಿದ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲೇ ಹೇಳಿದರು, ಸುಮಾರು ಐದರಲ್ಲಿ ಒಬ್ಬರಿಗೆ ಅದರ ವಾಸನೆ ತಿಳಿಯುವುದೇ ಇಲ್ಲ ಅಂತ. ನಿಮ್ಮವರಿಗೆ ಹತ್ತದ ಯಾವುದೋ ಘಮ ನಿಮಗೆ ಹತ್ತುತ್ತಿರಬಹುದು. ಇಬ್ಬರಿಗೂ ಒಂದೇ ಗ್ಲಾಸ್, ಆದರೆ ಒಳಗಿರುವುದು ಒಂದೇ ಅಲ್ಲ. ನನಗಂತೂ ಇದು ತುಂಬಾ ಚಂದ ಅನಿಸುತ್ತದೆ. ನಿನಗೆ ಏನು ಸಿಕ್ಕಿತು ಅಂತ ಒಬ್ಬರನ್ನೊಬ್ಬರು ಕೇಳಿ, ನಗುವುದು ಬೇಡ ಅಂತ ನೇರವಾಗಿ ಹೇಳಿಬಿಡಿ.

ಪ್ರಶ್ನೆ: ಮೇಡಂ, ವೈರಲ್ ಜ್ವರ ಬಂದು ಹೋದ ಮೇಲೆ ನನಗೆ ವಾಸನೆಯೇ ತಿಳಿಯುತ್ತಿಲ್ಲ. ಐದು ತಿಂಗಳಾಯಿತು. ಊಟ ಹೋಗಲಿ ಬಿಡಿ, ಗಂಡ ಪಕ್ಕದಲ್ಲಿ ಮಲಗಿದ್ದರೂ ಗಾಜಿನ ಆಚೆ ಇದ್ದ ಹಾಗೆ ಅನಿಸುತ್ತದೆ. ಇದನ್ನು ಅವರಿಗೆ ಹೇಗೆ ಹೇಳಲಿ?

ಉತ್ತರ: ನನಗೆ ಬರೆದಿರಲ್ಲ, ಇದೇ ಮಾತಿನಲ್ಲಿ ಹೇಳಿ. ಗಾಜಿನ ಆಚೆ ಇದ್ದ ಹಾಗೆ ಅನಿಸುತ್ತದೆ ಅಂತ. ವಾಸನೆ ಹೋದವರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತದೆ, ನಿಮ್ಮ ಪ್ರೀತಿಯಲ್ಲಿ ಏನೂ ಕೊರತೆಯಿಲ್ಲ.

ಮೊದಲು ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ಮೂಗಿಗೆ ಅಭ್ಯಾಸ ಕೊಡುವ ಒಂದು ಕ್ರಮವಿದೆ, ಅದರ ಬಗ್ಗೆಯೂ ಅವರನ್ನು ಕೇಳಿ. ಜರ್ಮನಿಯ ಸಂಶೋಧಕ ಥಾಮಸ್ ಹುಮ್ಮೆಲ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು ಅದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ ಮೂಸಬೇಕು. 12 ವಾರ ಬಿಡದೆ ಮಾಡಿದವರಲ್ಲಿ, ಮಾಡದವರಿಗಿಂತ ಸುಧಾರಣೆ ಜಾಸ್ತಿ ಕಂಡಿತು. ಎಲ್ಲರಿಗೂ ಪೂರ್ತಿ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಹಲವರಿಗೆ ಬರುತ್ತದೆ, ನಿಧಾನವಾಗಿ. ಕೆಲವರಿಗೆ ವಾಪಸ್ ಬರುವಾಗ ವಾಸನೆಗಳು ಕೆಡುತ್ತವೆ, ಕಾಫಿ ಸುಟ್ಟ ಹಾಗೆ, ಪ್ರೀತಿಯ ಮೈವಾಸನೆಯೇ ಅಸಹ್ಯ ಅನ್ನುವ ಹಾಗೆ. ಹಾಗಾದರೆ ಗಾಬರಿ ಬೇಡ. ಇದನ್ನೂ ನಿಮ್ಮ ಯಜಮಾನರಿಗೆ ಮೊದಲೇ ಹೇಳಿಟ್ಟಿರಿ, ಅವರು ನೊಂದುಕೊಳ್ಳಬಾರದು.

ಅಲ್ಲಿಯವರೆಗೆ ಎಲ್ಲವೂ ಮುಚ್ಚಿಹೋಗಿಲ್ಲ. ವೈನ್ ಕುಡಿಯುವ ಅಭ್ಯಾಸವಿದ್ದರೆ ಅದರ ಹುಳಿ, ಒಗರು, ತಂಪು, ಗುಳ್ಳೆಗಳ ಚುರುಕು ನಿಮಗೆ ಈಗಲೂ ತಿಳಿಯುತ್ತದೆ, ಅದಕ್ಕೆ ಮೂಗು ಬೇಕಿಲ್ಲ. ಪ್ರವಾಸ ಹೋಗುವುದಾದರೆ ಅಲೆಯ ಸದ್ದು, ಬಿಸಿನೀರಿನ ಬುಗ್ಗೆ, ಬರಿಗಾಲಿಗೆ ಸಿಗುವ ಮರಳು ಇರುವ ಜಾಗ ನೋಡಿ.

ಆ ನಾಲ್ಕು ವಾಸನೆಗಳ ಶೀಶೆಗಳನ್ನು ನೀವೇ ತೆರೆಯಬೇಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನಿಮ್ಮ ಯಜಮಾನರು ತೆರೆದು ನಿಮ್ಮ ಮೂಗಿನ ಹತ್ತಿರ ಹಿಡಿಯಲಿ, ಇದು ಗುಲಾಬಿ ಅಂತ ಹೇಳಲಿ. ಏನು ತಿಳಿಯಿತು, ಏನು ತಿಳಿಯಲಿಲ್ಲ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. 12 ವಾರ ಆದ ಮೇಲೆ ನನಗೆ ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ.