ಟ್ರೋಫಿ ಇದೆ, ಜನ ಎಲ್ಲಿ? ಮಹಿಳಾ ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನ್ಯೂಯಾರ್ಕ್–ನ್ಯೂಜೆರ್ಸಿ ಪ್ರದೇಶದ ಗಾಥಮ್ ಎಫ್‌ಸಿ ಎಂಬ ಮಹಿಳಾ ತಂಡ ಅಮೆರಿಕದ ಲೀಗನ್ನು 2023ರಲ್ಲಿ ಗೆದ್ದಿತು, 2025ರಲ್ಲಿ ಮತ್ತೆ ಗೆದ್ದಿತು. ಆದರೂ ತವರು ಪಂದ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ ಕಾಣುತ್ತವೆ. ಗೆಲ್ಲುವ ತಂಡಕ್ಕೂ ಜನ ಬರುವುದಿಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ಆ ಗೆಲುವುಗಳು ಎಲ್ಲಿ ಸಿಕ್ಕವು ಎಂದು ನೋಡಿ. 2023ರಲ್ಲಿ ಗಾಥಮ್ ಆರನೇ ಸ್ಥಾನದಲ್ಲಿ ಪ್ಲೇಆಫ್‌ಗೆ ಹೋಯಿತು, 2025ರಲ್ಲಿ ಎಂಟನೇ ಸ್ಥಾನದಲ್ಲಿ. ಕೆಳಗಿನ ಸ್ಥಾನದ ತಂಡ ಎದುರಾಳಿಯ ಊರಿಗೇ ಹೋಗಿ ಆಡಬೇಕು. ಫೈನಲ್‌ಗಳು ನಡೆದದ್ದು ಒಮ್ಮೆ ಸ್ಯಾನ್ ಡಿಯೇಗೊದಲ್ಲಿ, ಇನ್ನೊಮ್ಮೆ ಸ್ಯಾನ್ ಹೋಸೆಯಲ್ಲಿ, ಅಂದರೆ ದೇಶದ ಆ ತುದಿಯಲ್ಲಿ. ಚಾಂಪಿಯನ್ ಆದ ಆ ಎರಡೂ ವರ್ಷ ಒಂದೇ ಒಂದು ಪ್ಲೇಆಫ್ ಪಂದ್ಯ ತವರಿನಲ್ಲಿ ನಡೆಯಲಿಲ್ಲ. ಊರಿನವರು ಕಪ್ಪನ್ನು ಕಂಡದ್ದು ಟಿವಿಯಲ್ಲಿ.

ಇನ್ನೊಂದು ಕಾರಣ ಹಳೆಯದು. ಆಗ ತಂಡದ ಹೆಸರು ಸ್ಕೈ ಬ್ಲೂ. ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ, ರಟ್ಗರ್ಸ್ ವಿಶ್ವವಿದ್ಯಾಲಯದ 5,000 ಆಸನಗಳ ಯುರ್ಕಾಕ್ ಮೈದಾನದಲ್ಲಿ ವರ್ಷಗಟ್ಟಲೆ ಆಡಿತು. ನ್ಯೂಯಾರ್ಕ್‌ನಿಂದ ಬರುವವರು ರೈಲಿನಲ್ಲಿ ಸುಮಾರು ಒಂದು ಗಂಟೆ ಕೂತು, ಇಳಿದ ಮೇಲೆ ಬಸ್ಸನ್ನೋ ಕಾರನ್ನೋ ಹುಡುಕಬೇಕಿತ್ತು. ರಾತ್ರಿ ಪಂದ್ಯ ಮುಗಿದಾಗ ಅದೇ ದಾರಿ ಹಿಂದಕ್ಕೆ, ಜೊತೆಯಲ್ಲಿ ತೂಕಡಿಸುವ ಮಗು. ಒಮ್ಮೆ ಹೀಗೆ ಹೋಗಿ ಬಂದ ಮನೆಯವರು ಎರಡನೇ ಸಲ ಯೋಚಿಸುತ್ತಾರೆ. ಆಟವೂ ಕೈಕೊಟ್ಟಿತ್ತು: 2018ರ ಋತುವಿನ 24 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ ಒಂದು.

ಈಗಿನ ಮೈದಾನ ಇರುವುದು ಹ್ಯಾರಿಸನ್‌ನಲ್ಲಿ. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ತಂಡ ತೆಗೆದುಕೊಂಡ ಅತಿ ಒಳ್ಳೆಯ ನಿರ್ಧಾರ ಇದೇ ಎನ್ನಬೇಕು, ಜನ ಹೆಚ್ಚಾದದ್ದೂ ಆಮೇಲೆಯೇ. ಆದರೆ ಅಲ್ಲಿ 25,000 ಆಸನಗಳಿವೆ. ಎಂಟು ಸಾವಿರ ಜನ ಬಂದು ಇಷ್ಟಬಂದ ಕಡೆ ಕೂತರೆ ಮೈದಾನ ಬಿಕೋ ಎನ್ನುತ್ತದೆ. ಕೂಗು ಗಾಳಿಯಲ್ಲಿ ಚದುರಿಹೋಗುತ್ತದೆ, ಟಿವಿಯಲ್ಲಿ ನೋಡಿದವರಿಗೆ ‘ಯಾರೂ ಬರಲ್ಲ’ ಅನಿಸುತ್ತದೆ. ಇದಕ್ಕೆ ಮದ್ದು ಮೇಲಿನ ಅಂತಸ್ತು ಮುಚ್ಚಿ, ಮುಖ್ಯ ಕ್ಯಾಮೆರಾದ ಎದುರಿನ ಸ್ಟ್ಯಾಂಡಿನ ಟಿಕೆಟ್‌ಗಳನ್ನು ಮೊದಲು ಮಾರುವುದು. ಕ್ಯಾನ್ಸಸ್ ಸಿಟಿಯವರು ಬೇರುಮಟ್ಟದಲ್ಲೇ ಬಗೆಹರಿಸಿಕೊಂಡರು: 2024ರಲ್ಲಿ ಮಹಿಳಾ ತಂಡಕ್ಕೆಂದೇ 11,500 ಆಸನಗಳ ಮೈದಾನ ಕಟ್ಟಿದರು.

ಪ್ರಶ್ನೆ: ನ್ಯೂಯಾರ್ಕ್‌ನವರಿಗೆ ಮಹಿಳೆಯರ ಆಟವೇ ಬೇಡವೇನೋ?
— ಓದುಗರು, ಹಾಸನ

ಉತ್ತರ: ಬೇಕು. ಅದೇ ಊರಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಲಿಬರ್ಟಿ 2018, 2019ರಲ್ಲಿ ವೈಟ್ ಪ್ಲೇನ್ಸ್ ಎಂಬ ಹೊರಊರಿನ ಚಿಕ್ಕ ಸಭಾಂಗಣದಲ್ಲಿ ಆಡಿ ಸೊರಗಿತ್ತು. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ಗೆ ಬಂತು, ಒಳ್ಳೆಯ ಆಟಗಾರ್ತಿಯರನ್ನು ಸೇರಿಸಿಕೊಂಡಿತು. 2024ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು, ಸರಾಸರಿ ಪ್ರೇಕ್ಷಕರ ಸಂಖ್ಯೆ 12,000 ದಾಟಿತು. ಆ ಸಭಾಂಗಣದ ಎದುರಿಗೇ ಸಬ್‌ವೇ ನಿಲ್ದಾಣ.

ಪ್ರಶ್ನೆ: ಬಾರ್ಸಿಲೋನಾದಲ್ಲಿ ಅಲ್ಲಿನ ಮಹಿಳಾ ತಂಡದ ಪಂದ್ಯಕ್ಕೆ 91,000 ಜನ ಬಂದಿದ್ದರಲ್ಲ? ಅಲ್ಲಿ ಆದದ್ದು ಬೇರೆಡೆ ಯಾಕಾಗುವುದಿಲ್ಲ?
— ಓದುಗರು, ಕುಂದಾಪುರ

ಉತ್ತರ: 2022ರ ಮಾರ್ಚ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಪಂದ್ಯಕ್ಕೆ ಕ್ಯಾಂಪ್ ನೌ ಮೈದಾನದಲ್ಲಿ 91,553 ಜನ ಸೇರಿದ್ದು ನಿಜ. ಅದು ಜಾತ್ರೆ. ಅದೇ ತಂಡದ ವಾರದ ಲೀಗ್ ಪಂದ್ಯಗಳು ನಡೆಯುವ ಯೋಹಾನ್ ಕ್ರೈಫ್ ಮೈದಾನದಲ್ಲಿ ಇರುವುದೇ 6,000 ಆಸನ. ಜಾತ್ರೆಯ ಲೆಕ್ಕ ಹಿಡಿದು ಸಂತೆಯ ಅಂಗಡಿ ಹಾಕಿದವರು ಅಮೆರಿಕದಲ್ಲಿ ಕೈಸುಟ್ಟುಕೊಂಡಿದ್ದಾರೆ. 1999ರ ಮಹಿಳಾ ವಿಶ್ವಕಪ್ ಫೈನಲ್‌ಗೆ ರೋಸ್ ಬೌಲ್‌ನಲ್ಲಿ 90,185 ಜನ ಬಂದರು. ಆ ಉತ್ಸಾಹ ನಂಬಿ 2001ರಲ್ಲಿ ಎಂಟು ತಂಡಗಳ ಲೀಗ್ ಶುರುವಾಯಿತು. ಮೊದಲ ವರ್ಷ ಸರಾಸರಿ 8,000 ದಾಟಿದ್ದು ಮೂರನೇ ವರ್ಷಕ್ಕೆ 7,000ಕ್ಕಿಂತ ಕೆಳಗಿಳಿಯಿತು. ಖರ್ಚು ಕಡಿತ ಮಾಡಿದರೂ ಆದಾಯ ಸಾಲಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ, ಮುಂದಿನ ವಿಶ್ವಕಪ್‌ಗೆ ಕೆಲವೇ ದಿನ ಇರುವಾಗ, ಬಾಗಿಲು ಮುಚ್ಚಿತು.

ಪ್ರಶ್ನೆ: ನಮ್ಮ ಊರಿನ ಮಹಿಳಾ ಫುಟ್‌ಬಾಲ್ ತಂಡ ಕಿಕ್‌ಸ್ಟಾರ್ಟ್‌ನ ಪಂದ್ಯಗಳಿಗೆ ಜನ ಸೇರಿಸಲು ಏನು ಮಾಡಬಹುದು?
— ಓದುಗರು, ಬೆಂಗಳೂರು

ಉತ್ತರ: ತವರಿನಲ್ಲಿ ಲೀಗ್ ಪಂದ್ಯ ನಡೆಸುವ ನಮ್ಮ ರೂಢಿ ಇನ್ನೂ ಎಳೆಯದು ಎಂಬುದು ನೆನಪಿರಲಿ. ಕಿಕ್‌ಸ್ಟಾರ್ಟ್ 2023ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್‌ನ ಫೈನಲ್ ತಲುಪಿದಾಗ ಇಡೀ ಟೂರ್ನಿ ಅಹಮದಾಬಾದ್‌ನಲ್ಲೇ ನಡೆದಿತ್ತು. ತವರು–ಹೊರಊರು ಪದ್ಧತಿ ಬಂದದ್ದು ನಂತರದ ಋತುವಿನಲ್ಲಿ. ಆಗ ಏಳು ತಂಡ, ಅಂದರೆ ತವರಿನಲ್ಲಿ ಆರೇ ಪಂದ್ಯ.

ಮೊದಲು ಹೊತ್ತು ಸರಿ ಮಾಡಿಕೊಳ್ಳಿ. ಈ ಆಟವನ್ನು ಕಣ್ಣರಳಿಸಿ ನೋಡುವವರು ಫುಟ್‌ಬಾಲ್ ಕಲಿಯುತ್ತಿರುವ ಹುಡುಗಿಯರು. ವಾರದ ದಿನ ಮಧ್ಯಾಹ್ನ 3.30ಕ್ಕೆ ಪಂದ್ಯ ಇಟ್ಟರೆ ಅವರು ತರಗತಿಯಲ್ಲಿರುತ್ತಾರೆ. ಭಾನುವಾರ ಬೆಳಿಗ್ಗೆ ಇಟ್ಟರೆ ತಮ್ಮದೇ ಪಂದ್ಯ ಆಡುತ್ತಿರುತ್ತಾರೆ. ಭಾನುವಾರ ಸಂಜೆ ವಾಸಿ, ಪ್ರತಿ ಸಲವೂ ಅದೇ ಹೊತ್ತಿಗೆ. ದಿನಾಂಕ ಆರು ವಾರ ಮೊದಲೇ ತರಬೇತುದಾರರ ಕೈಗೆ ಸಿಗಬೇಕು, ಇಲ್ಲದಿದ್ದರೆ ಅವರು ಬೇರೆ ಪಂದ್ಯ ಒಪ್ಪಿಕೊಂಡಿರುತ್ತಾರೆ.

ಆಮೇಲೆ ಲೆಕ್ಕ ಹಾಕಿ. ಒಂದು ಅಕಾಡೆಮಿಯ 30 ಹುಡುಗಿಯರು, ಒಬ್ಬೊಬ್ಬರ ಜೊತೆ ಮನೆಯವರು ಇಬ್ಬರು, ಒಟ್ಟು 90. ಹತ್ತು ಅಕಾಡೆಮಿ ಸೇರಿದರೆ 900. ಅವರನ್ನೆಲ್ಲ ಒಂದೇ ಸ್ಟ್ಯಾಂಡಿನಲ್ಲಿ ಒತ್ತಾಗಿ ಕೂರಿಸಿ. ಟಿಕೆಟ್ ಪುಕ್ಕಟೆ ಬೇಡ. ಪುಕ್ಕಟೆ ಚೀಟಿ ಮೇಜಿನ ಡ್ರಾಯರ್‌ನಲ್ಲೇ ಉಳಿಯುತ್ತದೆ, ಮೋಡ ಕವಿದರೂ ಸಾಕು ಜನ ಮನೆ ಬಿಡುವುದಿಲ್ಲ. 50 ರೂಪಾಯಿ ಕೊಟ್ಟವರು ಬರುತ್ತಾರೆ. ಆ ದುಡ್ಡಿನಲ್ಲಿ 20 ರೂಪಾಯಿ ಅಕಾಡೆಮಿಗೇ ಬಿಟ್ಟುಕೊಟ್ಟರೆ ತರಬೇತುದಾರರೇ ಟಿಕೆಟ್ ಮಾರುತ್ತಾರೆ. ಹೆಂಗಸರ ಶೌಚಾಲಯದಲ್ಲಿ ನೀರು ಬರುತ್ತಿದೆಯೇ ಎಂದು ಗೇಟು ತೆರೆಯುವ ಮೊದಲೇ ಒಬ್ಬರು ಹೋಗಿ ನೋಡಬೇಕು. ತಾಯಂದಿರು ಮುಂದಿನ ಸಲ ಬರುವುದೋ ಬೇಡವೋ ಎಂದು ತೀರ್ಮಾನಿಸುವುದು ಅಲ್ಲೇ. ಪಂದ್ಯ ಮುಗಿದ ಮೇಲೆ ಆಟಗಾರ್ತಿಯರು ಕಾಲು ಗಂಟೆ ಬೇಲಿಯ ಬಳಿ ನಿಂತು ಮಕ್ಕಳ ಅಂಗಿಯ ಮೇಲೆ ಸಹಿ ಹಾಕಲಿ. ಮಾರ್ಕರ್ ಪೆನ್ನು ಹತ್ತಾದರೂ ಬೇಕು, ಎರಡು ಇಟ್ಟರೆ ಸಾಲು ಮುಂದೆ ಹೋಗುವುದಿಲ್ಲ.