ಪಂಚರು ಉಲ್ಟಾ ಹೇಳಿದರೂ ಶಿಕ್ಷೆ ಆಗಿದೆ, ಅಪೀಲಿನಲ್ಲಿ ಉಳಿಯುತ್ತಾ?

ಪ್ರಶ್ನೆ: ನನ್ನ ತಮ್ಮ ಹಳೇ ಮೊಬೈಲ್ ಕೊಂಡು ಮಾರುತ್ತಾನೆ. 2023ರಲ್ಲಿ ಅವನು ಕೊಂಡ ಒಂದು ಫೋನ್ ಕಳವಿನದಂತೆ. ಕಳವಾಗಿ ಐದು ತಿಂಗಳಾದ ಮೇಲೆ ಕಳ್ಳ ಸಿಕ್ಕಿಬಿದ್ದ. ಅವನು ತೋರಿಸಿದ ಎಂದು ಪೊಲೀಸರು ಬಂದು ಫೋನ್ ಜಪ್ತಿ ಮಾಡಿದರು. ಮಹಜರಿನ (ಜಪ್ತಿಯ ದಾಖಲೆ) ಪಂಚರಿಬ್ಬರೂ, ಅಂದರೆ ಜಪ್ತಿ ನೋಡಿದೆವೆಂದು ಸಹಿ ಹಾಕಿದ ಸಾಕ್ಷಿಗಳು, ಕೋರ್ಟಿನಲ್ಲಿ ‘ಠಾಣೆಯಲ್ಲೇ ಸಹಿ ಹಾಕಿಸಿಕೊಂಡರು’ ಎಂದರು. ಆದರೂ ಮ್ಯಾಜಿಸ್ಟ್ರೇಟ್ ಕೋರ್ಟು 1 ವರ್ಷ ಶಿಕ್ಷೆ ಕೊಟ್ಟಿದೆ. ಅಪೀಲಿನಲ್ಲಿ ಬಿಡುಗಡೆ ಆಗುತ್ತಾ?

ಉತ್ತರ: ಅವಕಾಶ ಚೆನ್ನಾಗಿಯೇ ಇದೆ. ಆದರೆ ಪಂಚರನ್ನೊಂದೇ ನಂಬಿಕೊಳ್ಳಬೇಡಿ. ಪಂಚರು ಪ್ರತಿಕೂಲ ಸಾಕ್ಷಿಗಳಾದರೂ ತನಿಖಾಧಿಕಾರಿಯ ಮಾತು ನಂಬುವಂತಿದ್ದರೆ ಜಪ್ತಿ ರುಜುವಾಗಿದೆ ಎಂದು ಕೋರ್ಟು ಒಪ್ಪಬಹುದು. ಎಷ್ಟೋ ಅಪೀಲುಗಳು ಸೋಲುವುದು ಇಲ್ಲೇ.

ನಿಮ್ಮ ಕೇಸಿನ ನಿಜವಾದ ಬಲ ಬೇರೆ ಕಡೆ ಇದೆ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದು, ಹಾಗಾಗಿ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 411ನೇ ಕಲಮೇ ಅನ್ವಯ. (ಆಮೇಲಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ.) ಕಳವಿನ ಮಾಲು ಕೈಯಲ್ಲಿ ಸಿಕ್ಕಿತು ಅಂದಮಾತ್ರಕ್ಕೆ 411ರಲ್ಲಿ ತಪ್ಪಿತಸ್ಥ ಆಗುವುದಿಲ್ಲ. ಅದು ಕದ್ದದ್ದು ಎಂದು ಗೊತ್ತಿತ್ತು, ಇಲ್ಲವೇ ಹಾಗೆ ನಂಬಲು ಕಾರಣವಿತ್ತು, ಆದರೂ ಅಪ್ರಾಮಾಣಿಕವಾಗಿ ಇಟ್ಟುಕೊಂಡ ಎಂಬುದನ್ನು ಸರ್ಕಾರದ ಕಡೆಯವರೇ ತೋರಿಸಬೇಕು. ತೀರ್ಪನ್ನು ತೆರೆದು ಈ ‘ಗೊತ್ತಿತ್ತು’ ಎಂಬುದಕ್ಕೆ ಯಾವ ಸಾಕ್ಷಿ ಹೇಳಿದ್ದಾರೆ ನೋಡಿ. ಬಹಳ ಸಲ ಅಲ್ಲಿ ಒಂದು ಸಾಲೂ ಇರುವುದಿಲ್ಲ!

ಹಾಗಾದರೆ ಶಿಕ್ಷೆ ಹೇಗಾಯಿತು? ಸಾಕ್ಷ್ಯ ಕಾಯ್ದೆಯ 114ನೇ ಕಲಮಿನ ಊಹೆಯಿಂದ ಇರಬಹುದು. ಕಳವಾದ ಸ್ವಲ್ಪ ಹೊತ್ತಿಗೇ ಮಾಲು ಯಾರ ಬಳಿ ಸಿಗುತ್ತದೋ, ಅವರು ಸರಿಯಾದ ವಿವರಣೆ ಕೊಡದಿದ್ದರೆ, ಕಳ್ಳರು ಅಥವಾ ಗೊತ್ತಿದ್ದೇ ಕೊಂಡವರು ಎಂದು ಕೋರ್ಟು ಊಹಿಸಬಹುದು. ಊಹಿಸಲೇಬೇಕು ಅಂತೇನಿಲ್ಲ. ಮೊಬೈಲು ಕೈಯಿಂದ ಕೈಗೆ ಬೇಗ ದಾಟುವ ವಸ್ತು. ಅದಕ್ಕೆ ಐದು ತಿಂಗಳು ಜಾಸ್ತಿಯೇ, ಅಲ್ವಾ? ಇನ್ನು, ‘ಇವನಿಗೇ ಮಾರಿದೆ, ಇವನಿಗೂ ಗೊತ್ತಿತ್ತು’ ಎಂದು ಕಳ್ಳ ಪೊಲೀಸರ ಮುಂದೆ ಹೇಳಿದ್ದರೆ, ಅದು ನಿಮ್ಮ ತಮ್ಮನ ವಿರುದ್ಧ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಐಎಂಇಐ ನಂಬರನ್ನು (ಪ್ರತಿ ಫೋನಿನ ಗುರುತಿನ ಸಂಖ್ಯೆ) ತಪ್ಪದೇ ತಾಳೆ ನೋಡಿ. ದೂರು, ಮಾಲೀಕರ ಬಿಲ್ಲು, ಮಹಜರು, ಕೋರ್ಟಿಗೆ ಬಂದ ಮುದ್ದೆಮಾಲು (ಜಪ್ತಿಯಾದ ಫೋನ್), ನಾಲ್ಕರಲ್ಲೂ ಒಂದೇ 15 ಅಂಕಿ ಇರಬೇಕು. ಮಹಜರಿನಲ್ಲಿ ಸುಮ್ನೆ ‘ಕಪ್ಪು ಬಣ್ಣದ ಮೊಬೈಲ್’ ಎಂದಿದ್ದರೆ ಕದ್ದದ್ದು ಇದೇ ಫೋನ್ ಎಂಬುದೇ ಅನುಮಾನಕ್ಕೆ ಬೀಳುತ್ತದೆ. ಜಪ್ತಿ ಎಲ್ಲಿ ಆಯಿತು ಎಂಬುದೂ ಮುಖ್ಯ. ಎಲ್ಲರೂ ಓಡಾಡುವ ಬಯಲು ಹೊಲದಲ್ಲಿ ಸಿಕ್ಕ ಒಡವೆ ಆರೋಪಿಯ ವಶದಲ್ಲಿತ್ತು ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 411ರ ಶಿಕ್ಷೆ ರದ್ದು ಮಾಡಿದ್ದುಂಟು. ಅದು 1954ರಲ್ಲಿ ವರದಿಯಾದ ತೀರ್ಪು, ಈಗಲೂ ವಕೀಲರು ಎತ್ತಿ ಹೇಳುತ್ತಾರೆ.

ಒಂದು ತೊಡಕಿದೆ. ಕೋರ್ಟು ಆರೋಪಿಯ ಹೇಳಿಕೆ ಬರೆದುಕೊಳ್ಳುವಾಗ ನಿಮ್ಮ ತಮ್ಮ ಏನಂದ? ‘ದುಡ್ಡು ಕೊಟ್ಟು ಕೊಂಡೆ, ಗುರುತಿನ ಚೀಟಿ ತಗೊಂಡಿದ್ದೆ’ ಎಂದಿದ್ದರೆ ಒಳ್ಳೆಯದು. ‘ಫೋನೇ ನನ್ನ ಹತ್ತಿರ ಇರಲಿಲ್ಲ’ ಎಂದಿದ್ದರೆ ಈಗ ‘ನಂಬಿ ಕೊಂಡೆ’ ಎಂಬ ವಾದ ಹೂಡುವುದು ಕಷ್ಟ.

ತೀರ್ಪಿನ ದಿನದಿಂದ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಿ, ಜೊತೆಗೇ ಶಿಕ್ಷೆ ಅಮಾನತಿಗೂ ಅರ್ಜಿ ಕೊಡಿ. ಸಾಕ್ಷಿಗಳ ಮಾತನ್ನು ಹೊಸದಾಗಿ ತೂಗಿ ನೋಡುವ ಅಧಿಕಾರ ಆ ಕೋರ್ಟಿಗಿದೆ. ಅಲ್ಲಿ ಸೋತರೆ ಹೈಕೋರ್ಟಿನಲ್ಲಿ ರಿವಿಷನ್ (ತೀರ್ಪಿನ ಮರುಪರಿಶೀಲನೆ) ಇದೆ, ಆದರೆ ಅಲ್ಲಿ ಸಾಮಾನ್ಯವಾಗಿ ಸಾಕ್ಷ್ಯವನ್ನು ಮತ್ತೆ ಕೆದಕುವುದಿಲ್ಲ. ಅಂದಹಾಗೆ, ತಮ್ಮ ಬಿಡುಗಡೆಯಾದರೂ ಫೋನ್ ವಾಪಸ್ ಬರುತ್ತದೆ ಎಂದುಕೊಳ್ಳಬೇಡಿ. ಅದು ಕಳೆದುಕೊಂಡವರದೇ ಎಂದು ಸಾಬೀತಾಗಿದ್ದರೆ ಸಾಮಾನ್ಯವಾಗಿ ಅವರಿಗೇ ಹೋಗುತ್ತದೆ.