ಕಡಲ ಬಾಗಿಲಲ್ಲಿ ಕಾದವರು

ಓದುಗರ ಪತ್ರ: ಇಸ್ರೇಲಿನ ಅಶ್ದೋದ್‌ನಲ್ಲಿ ವಯಸ್ಸಾದ ಒಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಊರು ಉಡುಪಿ ಕಡೆ. ಸಂಜೆ ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕಡಲ ಬದಿಗೆ ಹೋದರೆ ಒಂದು ಪಾಳುಕೋಟೆ ಸಿಗುತ್ತದೆ. ಹಿಂದಿನ ಮುಸ್ಲಿಂ ಅರಸರ ಕಾವಲು ಕೋಟೆ ಎನ್ನುತ್ತಾರೆ. ಇಷ್ಟು ಚಿಕ್ಕ ಕೋಟೆ ಯಾವ ಸೈನ್ಯವನ್ನು ತಡೆದೀತು? ಅಲ್ಲಿದ್ದವರು ದಿನವಿಡೀ ಏನನ್ನು ಕಾಯುತ್ತಿದ್ದರು?

ಸಂಪಾದಕರ ಉತ್ತರ: ಪ್ರಿಯ ಸೋದರಿ, ನಿಮ್ಮ ಎರಡನೇ ಪ್ರಶ್ನೆ ನಮ್ಮನ್ನು ಬಹಳ ದಿನ ಹಿಡಿದು ಕೂರಿಸಿತು. ಅದರ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕಂತೆ.

ನೀವು ನೋಡಿದ್ದು ಅಶ್ದೋದ್-ಯಾಮ್ ಕೋಟೆ. ಅರಬ್ಬಿಯಲ್ಲಿ ಮಿನತ್ ಅಲ್-ಕಲಾ, ಅಂದರೆ ಕೋಟೆಯ ಬಂದರು. ಅಳತೆ ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಅರ್ಧ ಎಕರೆಗಿಂತ ತುಸು ಹೆಚ್ಚು. ನಾಲ್ಕು ಮೂಲೆಗೆ ನಾಲ್ಕು ಬುರುಜು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಬಾಗಿಲು, ಒಂದೊಂದು ಬಾಗಿಲ ಎಡಬಲಕ್ಕೂ ಮತ್ತೆ ಬುರುಜು. ಪೂರ್ವದ ಬಾಗಿಲು ಊರ ಕಡೆಗೆ, ಪಶ್ಚಿಮದ್ದು ನೇರ ಕಡಲಿಗೆ. ಶತ್ರುವಿನ ಹೆದರಿಕೆಯೊಂದೇ ಇದ್ದಿದ್ದರೆ ಕಡಲಿಗೆ ಬಾಗಿಲಿಡುವ ಬದಲು ಗೋಡೆ ಕಟ್ಟುತ್ತಿದ್ದರಲ್ಲವೇ ಎಂದು ನಮಗೆ ಅನ್ನಿಸುತ್ತದೆ.

ಅದಕ್ಕೂ ಮೊದಲು ಅಲ್ಲಿ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ಬಂದರು ಪಟ್ಟಣವಿತ್ತು. ಜೋರ್ಡಾನಿನ ಮಡಬಾ ಊರಿನ ಚರ್ಚಿನ ನೆಲದಲ್ಲಿ ಬಣ್ಣದ ಕಲ್ಲಿನ ಹರಳು ಜೋಡಿಸಿ ಮಾಡಿದ ಆರನೇ ಶತಮಾನದ ನಕ್ಷೆಯಲ್ಲಿ ಅದರ ಹೆಸರೂ ಇದೆ. ಮುಂದಿನ ಶತಮಾನದಲ್ಲಿ ನಾಡು ಅರಬ್ಬರ ಕೈಸೇರಿತು. ಆದರೆ ಕಡಲು ಪೂರ್ತಿ ಅವರ ಕೈಗೆ ಬರಲಿಲ್ಲ. ಬೈಜಾಂಟೈನ್ ಹಡಗುಗಳು ಬಂದು ಕರಾವಳಿ ಊರುಗಳನ್ನು ಹಾಳುಮಾಡಿ ಹೋಗುತ್ತಿದ್ದವು. ಉಮಯ್ಯದ್ ಮನೆತನದ ಅರಬ್ ದೊರೆ, ಖಲೀಫ ಅಬ್ದುಲ್ ಮಲಿಕ್ (685–705) ಕರಾವಳಿಯನ್ನು ಮತ್ತೆ ಭದ್ರಪಡಿಸಿದ. ಈ ಕೋಟೆಯೂ ಆ ಕಾಲದ್ದೆಂದೇ ಸಾಮಾನ್ಯವಾಗಿ ಹೇಳುತ್ತಾರೆ.

ಇಂಥ ಠಾಣೆಗೆ ಅರಬ್ಬಿಯಲ್ಲಿ ರಿಬಾತ್ ಎಂದು ಹೆಸರು. 'ಕಟ್ಟು' ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಮೊರಾಕೋದ ರಾಜಧಾನಿ ರಬಾತ್‌ನ ಹೆಸರೂ ಇದರದೇ.

ಇನ್ನು ಅಲ್ಲಿದ್ದವರು ಏನು ಮಾಡುತ್ತಿದ್ದರು ಎಂಬ ಮಾತು. ಅದನ್ನು ಬರೆದಿಟ್ಟವನು ಜೆರುಸಲೇಮಿನ ಭೂಗೋಳಕಾರ ಅಲ್-ಮುಖದ್ದಸಿ, ಸುಮಾರು 985ರಲ್ಲಿ. ಅವನ ಅಜ್ಜ ಅದೇ ಕರಾವಳಿಯ ಅಕ್ಕಾ ಬಂದರನ್ನು ಕಟ್ಟಿದ ಶಿಲ್ಪಿ. ಕಡಲಂಚಿನ ಕೆಲಸ ಮನೆತನಕ್ಕೇ ಗೊತ್ತಿದ್ದದ್ದು. ಗಾಝಾದಿಂದ ಅರ್ಸೂಫ್‌ವರೆಗಿನ ಕಡಲ ಠಾಣೆಗಳ ಸಾಲನ್ನು ಅವನು ಹೆಸರು ಹಿಡಿದು ಹೇಳುತ್ತಾನೆ. ಅದರಲ್ಲಿ ನಿಮ್ಮ ಕೋಟೆಯೂ ಇದೆ, 'ಮಾಹೂಝ್ ಅಝ್ದೂದ್' ಎಂಬ ಹೆಸರಲ್ಲಿ.

ಅವನು ಹೇಳುವುದು ಹೀಗೆ. ಬೈಜಾಂಟೈನ್ ಹಡಗುಗಳು ಸೆರೆಹಿಡಿದ ಮುಸ್ಲಿಮರನ್ನು ತುಂಬಿಕೊಂಡು ಈ ಠಾಣೆಗಳಿಗೆ ಬರುತ್ತಿದ್ದವು, ಮಾರುವುದಕ್ಕೆ. ಮೂವರಿಗೆ 100 ದಿನಾರ್. ದಿನಾರ್ ಎಂದರೆ ಸುಮಾರು ನಾಲ್ಕೂಕಾಲು ಗ್ರಾಂ ಚಿನ್ನ. ಊರಿನ ಲೆಕ್ಕದಲ್ಲಿ ನೋಡಿ: ಒಂದು ತಲೆಗೆ ಹದಿನೇಳು-ಹದಿನೆಂಟು ಪವನು! ಯಾವ ಬೆಸ್ತನ ಮನೆಯಲ್ಲಿ, ಯಾವ ರೈತನ ಮನೆಯಲ್ಲಿ ಅಷ್ಟು ಚಿನ್ನ ಇದ್ದೀತು?

ಹಡಗು ಕಂಡ ಕೂಡಲೇ ಠಾಣೆಯವರು ರಾತ್ರಿಯಾದರೆ ಬೆಂಕಿ ಹಚ್ಚುವರು, ಹಗಲಾದರೆ ದಟ್ಟ ಹೊಗೆ ಎಬ್ಬಿಸುವರು. ಠಾಣೆಯಿಂದ ಆ ಪ್ರಾಂತ್ಯದ ರಾಜಧಾನಿ ರಮ್ಲಾದವರೆಗೆ ಅಲ್ಲಲ್ಲಿ ಎತ್ತರದ ಗೋಪುರಗಳಿದ್ದವು, ಪ್ರತಿಯೊಂದರಲ್ಲೂ ಜನ. ಒಂದರ ಬೆಂಕಿ ಕಂಡು ಮುಂದಿನದು, ಅದನ್ನು ಕಂಡು ಅದರ ಮುಂದಿನದು. ನಿಮ್ಮ ಕೋಟೆಯಿಂದ ರಮ್ಲಾಕ್ಕೆ ಸುಮಾರು 30 ಕಿಲೋಮೀಟರ್. ಒಂದು ಗಂಟೆ ಕಳೆಯುವುದರೊಳಗೆ ಅಲ್ಲಿ ನಗಾರಿ ಬಾರಿಸಿ, ಇಂಥ ಠಾಣೆಗೆ ಬನ್ನಿ ಎಂದು ಕೂಗಿ ಕರೆಯುತ್ತಿದ್ದರಂತೆ. ಜನ ಆಯುಧ ಹಿಡಿದೇ ಹೊರಡುವರು, ಹಳ್ಳಿಯ ಹುಡುಗರೂ ಸೇರಿಕೊಳ್ಳುವರು. ಬಂದದ್ದು ವ್ಯಾಪಾರಕ್ಕೋ ದಾಳಿಗೋ ಎಂದು ಯಾರು ಕಂಡಿದ್ದರು?

ಆಮೇಲೆ ಬಿಡುಗಡೆ ಶುರುವಾಗುತ್ತದೆ. ಉಳ್ಳವನು ಒಬ್ಬನನ್ನು ಬಿಡಿಸಿಕೊಳ್ಳುವನು. ಇಲ್ಲದವನು ಒಂದು ದಿರ್ಹಮ್, ಅಂದರೆ ಬೆಳ್ಳಿ ನಾಣ್ಯ, ಹಾಕುವನು. ಅದೂ ಇಲ್ಲದವನು ಬೆರಳಿನ ಉಂಗುರ ಕಳಚಿ ಹಾಕುವನು. ಹಡಗಿನಲ್ಲಿದ್ದ ಕೊನೆಯ ಸೆರೆಯಾಳು ಇಳಿದು ಬರುವ ತನಕ ಇದು ನಡೆಯುತ್ತಿತ್ತು. ಆ ಉಂಗುರದ ಮಾತನ್ನು ನಾವು ಎಷ್ಟು ಸಲ ಓದಿದೆವೋ! ಹಾಕಿದವನಿಗೂ ಇಳಿದು ಬಂದವನಿಗೂ ನಂಟಿರಬೇಕೆಂದೇನೂ ಇರಲಿಲ್ಲ.

ಹಾಗಾಗಿ ಚಿಕ್ಕ ಕೋಟೆ ಎಂಬ ನಿಮ್ಮ ಅನುಮಾನ ಸರಿಯೇ. ದೊಡ್ಡ ಸೈನ್ಯವನ್ನು ತಿಂಗಳುಗಟ್ಟಲೆ ತಡೆಯುವ ಕೋಟೆ ಅದಲ್ಲ. ಮೊದಲು ಕಾಣಬೇಕು, ಕೂಡಲೇ ತಿಳಿಸಬೇಕು, ಜನ ಬರುವವರೆಗೆ ನಿಲ್ಲಬೇಕು. ಅಷ್ಟಕ್ಕೆ ಅರ್ಧ ಎಕರೆ ಸಾಕಾಗಿತ್ತು.

ಮುಂದಿನ ಕಥೆ ಚಿಕ್ಕದು. ಹನ್ನೆರಡನೇ ಶತಮಾನದಲ್ಲಿ ಕೋಟೆ ಕ್ರುಸೇಡರ, ಅಂದರೆ ಯುರೋಪಿನಿಂದ ದಂಡೆತ್ತಿ ಬಂದ ಕ್ರೈಸ್ತರ ಕೈಯಲ್ಲಿತ್ತು, ಅವರು ಅದನ್ನು ಬೆರೋಆರ್ಟ್ ಎಂದು ಕರೆದರು. ಅವರ ಹಡಗುಗಳು ಮತ್ತೆಂದೂ ಇಳಿಯಬಾರದೆಂದು ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಬೈಬರ್ಸ್ ಕರಾವಳಿಯ ಕೋಟೆ ಪಟ್ಟಣಗಳನ್ನೇ ಕೆಡವಿಸುತ್ತ ಬಂದ. 1265ರಲ್ಲಿ ಅರ್ಸೂಫ್, 1270ರಲ್ಲಿ ಅಸ್ಕಲಾನ್. ಬಂದರುಗಳೇ ಹೋದ ಮೇಲೆ ಕಾವಲಿಗೆ ಏನು ಉಳಿಯಿತು? ಗಾಳಿ ಹೊತ್ತು ತಂದ ಮರಳು ಆ ದಂಡೆಯನ್ನು ತುಂಬಿಕೊಂಡಿತು.

ಮುಂದಿನ ಸಲ ಹೋದಾಗ ಗೋಡೆಯ ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ. ಕುರ್ಕಾರ್ ಎನ್ನುತ್ತಾರೆ, ಕಡಲ ಮರಳೇ ಸುಣ್ಣದಂಶದಿಂದ ಬೆಸೆದು ಗಟ್ಟಿಯಾದದ್ದು. ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಇನ್ನೊಂದು ಮಾತು. ಪ್ರತಿ ಠಾಣೆಯಲ್ಲೂ ಬೈಜಾಂಟೈನರ ಗ್ರೀಕ್ ಭಾಷೆ ಬಲ್ಲವರು ಇರುತ್ತಿದ್ದರೆಂದು ಅಲ್-ಮುಖದ್ದಸಿ ಬರೆದಿದ್ದಾನೆ. ಬೆಲೆ ಮಾತಾಡಲು, ಹೆಸರು ಕೇಳಲು, ನಿನ್ನ ಊರು ಯಾವುದೆಂದು ವಿಚಾರಿಸಲು ಅವರು ಬೇಕಿತ್ತು. ಅವರು ನಿಲ್ಲುತ್ತಿದ್ದದ್ದು ಪಶ್ಚಿಮದ ಬಾಗಿಲಲ್ಲೇ ಇರಬೇಕು. ಅಜ್ಜನ ಗಾಲಿಕುರ್ಚಿ ಅಲ್ಲಿಯವರೆಗೆ ಹೋಗುವುದಾದರೆ ಅವರಿಗೂ ಈ ಕಥೆ ಹೇಳಿ. ಆ ಬಾಗಿಲಿನ ಒಂದು ಚಿತ್ರ ತೆಗೆದು ನಮಗೂ ಕಳಿಸಿ.